ತಿಮ್ಮಕ್ಕನ ತಕ್ಕಡಿಯ ದೀಪ

ಕುಮಟಾ ಮೀನುಪೇಟೆಯಲ್ಲಿ ತಿಮ್ಮಕ್ಕನ ಬ್ಯಾಟರಿ ತಕ್ಕಡಿಯ ದೀಪ ದಿನಾ ಬೆಳಿಗ್ಗೆ ಹತ್ತಕ್ಕೆ, ಸರಿಯಾಗಿ ಸರಕಾರಿ ಕಚೇರಿಗಳು ಕಣ್ಣು ಬಿಡುವ ಹೊತ್ತಿಗೆ, ಬ್ಯಾಟರಿ ಸೋತು ತಾನು ಕಣ್ಣು ಮುಚ್ಚುತ್ತಿತ್ತು. ತಗಡಿನ ಮಾಡಿನ ಕೆಳಗೆ ಹಗಲಲ್ಲೂ ಮಬ್ಬು. ದೀಪ ಹೋದರೆ ಅಂಕಿ ಕಾಣದು, ಅಂಕಿ ಕಾಣದಿದ್ದರೆ ಗಿರಾಕಿ ನಂಬ. ನಿನ್ನೆ ಶೆಟ್ಲಿ ಸಿಗಡಿ ಕೊಳ್ಳಲು ಬಂದ ಬ್ಯಾಂಕಿನವರೊಬ್ಬರು ಅಂಕಿ ನೋಡಲು ಬಗ್ಗಿ ಬಗ್ಗಿ ಕೊನೆಗೆ ತಟ್ಟೆಗೇ ಮೂಗು ತಾಗಿಸಿದ್ದರು. ಮೂಗಿನ ತೂಕವನ್ನೂ ಶೆಟ್ಲಿಗೆ ಸೇರಿಸಿದಳೆಂದು ದೊಡ್ಡ ರಂಪವಾಯಿತು.

ಆ ರಂಪದಿಂದಾಗಿ ಪೇಟೆಯ ಎದುರು ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಕೃಷ್ಣಾನಂದನಿಗೆ ಕರೆ ಬಂತು.

"ದೀಪ ಸಂಜೆ ತಂಕ ಉರ್ಯೂ ಹಂಗೆ ಮಾಡು ತಮಾ," ಎಂದಳು ತಿಮ್ಮಕ್ಕ. "ನಾಳೆ ಒಂದು ದಿನ ನೋಡ್ತೆವು. ಸರಿ ಆದ್ರೆ ಈ ಸಾಲಿನ ಇಪ್ಪತ್ತೆರಡು ತಕ್ಕಡಿನೂ ನಿಂಗೇಯ. ಇಲ್ದಿದ್ರೆ ಹೊನ್ನಾವರದ ಅರುಣಂಗೆ ಕೊಡೂದೆ."

ಇಪ್ಪತ್ತೆರಡು ತಕ್ಕಡಿ! ಅಂಗಡಿಗೆ ಇಷ್ಟು ದೊಡ್ಡ ಕೆಲಸ ಎಂದೂ ಬಂದಿರಲಿಲ್ಲ. ಬರದಿದ್ದರೆ ಎಂತ ಎಂಬುದನ್ನು ಹೆಂಡತಿ ಕಲ್ಪನಾ ಮೊದಲೇ ನಿರ್ಧರಿಸಿದ್ದಳು. ಅವಳ ಅಣ್ಣನಿಗೆ ಭಟ್ಕಳ ಬಂದರಿನಲ್ಲಿ ಬರ್ಫದ ಕಾರ್ಖಾನೆ. ಮಂಜುಗಡ್ಡೆ ಕಾಯುವ ಕುರ್ಚಿಯೊಂದು ಆರು ತಿಂಗಳಿಂದ ಅಲ್ಲಿ ಕೃಷ್ಣಾನಂದನಿಗಾಗಿ ಖಾಲಿ ಇತ್ತು.

ಮರುದಿನ ಬೆಳಿಗ್ಗೆ ಆರಕ್ಕೆ ಅವನು ತಕ್ಕಡಿಯ ಹೊಟ್ಟೆ ಬಿಚ್ಚಿ ಕೂತಾಗ ಗಣಪಣ್ಣ ಹಾಜರಾದ. ದನದ ಆಸ್ಪತ್ರೆಯಲ್ಲಿ ಕಂಪೌಂಡರಾಗಿದ್ದು ನಿವೃತ್ತನಾದವನು. ಈಗ ದನಗಳು ಸಿಗದ ಕಾರಣ ಮನುಷ್ಯರಿಗೆ ಸಲಹೆ ಕೊಡುತ್ತಿದ್ದ.

"ಎಂತದು ಮಾರಾಯಾ, ಇಷ್ಟು ಯೋಚ್ನೆ?"

"ದೀಪಕ್ಕೆ ಎಷ್ಟು ಬೇಕೋ ಅಷ್ಟೇ ಕರೆಂಟು ಅಳ್ದು ಕೊಡೂ ಚಿಪ್ಪು ಹಾಕ್ಬೇಕು ಗಣಪಣ್ಣ. ಡ್ರೈವರ್ ಹೇಳ್ತ್ರು ಅದಕ್ಕೆ. ನನ್ನ ಹತ್ರ ಎರಡು ನಮೂನೆ ಅದೆ. ಯಾವ್ದು ಹಾಕೂದು ಹೇಳಿ ಗೊತ್ತಾಗ್ತಾ ಇಲ್ಲ."

"ಚಿಪ್ಪು ಎಂತಕ್ಕೆ? ಒಂದು ರೆಸಿಸ್ಟರ್ ಹಾಕಿ ಮುಚ್ಚು. ಆಸ್ಪತ್ರೆ ಫ್ರಿಜ್ಜಿನ ದೀಪಕ್ಕೆ ಅದ್ನೇ ಹಾಕಿದ್ದು. ನಾ ರಿಟೈರ್ ಆಗೂ ತಂಕ ಉರೀತು."

ಹಿರಿಯರ ಮಾತು ತೆಗೆದುಹಾಕುವುದು ಹೇಗೆ? ಹಾಕಿದ. ಏಳಕ್ಕೆ ತಕ್ಕಡಿ ಮದುವೆಮನೆಯಂತೆ ಬೆಳಗಿತು. ಎಂಟೂವರೆಗೆ ಹೆಣ್ಣು ಕಳಿಸಿಕೊಟ್ಟ ಮೇಲಿನ ಮನೆಯಂತಾಯಿತು. ಅರ್ಧ ಬ್ಯಾಟರಿ ಬೆಳಕಾಗದೆ ಬರೀ ಬಿಸಿಯಾಗಿ ಹೋಗಿತ್ತು.

"ತಿಮ್ಮಕ್ಕಾ, ಅದ್ರ ಮೇಲೆ ಬಂಗಡೆ ಇಡ್ಬೇಡ್ವೇ, ಹುರ್ದು ಹೋಗ್ತದೆ!" ಎಂದು ಪಕ್ಕದ ಬುಟ್ಟಿಯ ಕಮಲಿ ಕೂಗಿದಳು. ಸಾಲಿಡೀ ನಕ್ಕಿತು.

ಕೃಷ್ಣಾನಂದ ತಕ್ಕಡಿ ಎತ್ತಿಕೊಂಡು ಓಡಿ, ಬ್ಯಾಟರಿ ಬದಲಿಸಿ, ಮೊದಲನೆಯ ಡ್ರೈವರ್ ಕೂರಿಸಿ ತಂದ. ಇದು ದೀಪವನ್ನು ಸೆಕೆಂಡಿಗೆ ಸಾವಿರಾರು ಸಲ ಆರಿಸಿ ಹೊತ್ತಿಸಿ ಬ್ಯಾಟರಿ ಉಳಿಸುವ ಜಾತಿಯದು. ಆರಿದ್ದು ಕಣ್ಣಿಗೆ ಗೊತ್ತಾಗುವುದಿಲ್ಲ. ಕಣ್ಣಿಗೆ ಗೊತ್ತಾಗಲಿಲ್ಲ ನಿಜ, ಆದರೆ ಕಿವಿಗೆ ಗೊತ್ತಾಯಿತು. ಆರಿ ಹೊತ್ತುವ ತಾಳಕ್ಕೆ ತಕ್ಕಡಿಯೊಳಗಿನ ಬಿಡಿಭಾಗಗಳು ನಡುಗಿ, ಸೊಳ್ಳೆಯಂತೆ 'ಞೀಂ' ಎಂದು ಹಾಡತೊಡಗಿದವು. ಮೂವರು ಗಿರಾಕಿಗಳು ತಮ್ಮ ಕೆನ್ನೆಗೆ ತಾವೇ ಹೊಡೆದುಕೊಂಡರು. ನಾಲ್ಕನೆಯವ ಆತುರದಲ್ಲಿ ಪಕ್ಕದವರ ಕೆನ್ನೆಗೆ ಹೊಡೆದ. ಅವರು ಮೂಗು ತಾಗಿಸಿದ್ದ ಬ್ಯಾಂಕಿನವರೇ ಆಗಿದ್ದರು.

ಅಷ್ಟರಲ್ಲಿ ಕಲ್ಪನಾಳ ಫೋನು. "ಹೋಯ್, ಕೆಲ್ಸ ಎಲ್ಲಿಗ್ ಬಂತು? ಅಣ್ಣ ಕುರ್ಚಿಗೆ ಹೊಸ ದಿಂಬು ಹಾಕ್ಸಿದ್ನಂತೆ."

ಕೃಷ್ಣಾನಂದನಿಗೆ ಕೂತಲ್ಲೇ ಚಳಿ ಹಿಡಿಯಿತು.

ತಕ್ಕಡಿ ಅಂಗಡಿಗೆ ಮರಳಿತು. ಉಳಿದದ್ದು ಒಂದೇ ಚಿಪ್ಪು, ಎಲ್ಲಕ್ಕಿಂತ ತುಟ್ಟಿಯದು. ಸೆಕೆಂಡಿಗೆ ಇಪ್ಪತ್ತೈದು ಸಾವಿರ ಸಲ ಆರಿ ಹೊತ್ತುತ್ತದೆ.

"ಇದ್ಕೂ ಸದ್ದು ಅದೆ ಗಣಪಣ್ಣ. ಆದ್ರೆ ಎಷ್ಟು ಸಪೂರ ಅಂದ್ರೆ ಮನುಷ್ಯನ ಕಿವಿಗೆ ಕೇಳೂದಿಲ್ಲ."

"ಕೇಳದ್ದು ಎಂತಾ ಸದ್ದೋ?" ಎಂದು ಗಣಪಣ್ಣ ಬೆಂಚಿನ ಮೇಲೆ ಕಾಲು ಮಡಚಿದ.

ಮಧ್ಯಾಹ್ನ ಹನ್ನೆರಡಕ್ಕೆ ತಕ್ಕಡಿ ಮತ್ತೆ ಪೇಟೆ ಸೇರಿತು. ಅಂಕಿಗಳು ತಂಪಾಗಿ, ಸ್ಪಷ್ಟವಾಗಿ ಬೆಳಗಿದವು. ಎರಡು ಗಂಟೆಯಾಯಿತು, ಮೂರಾಯಿತು. ಬ್ಯಾಟರಿಯ ನಾಲ್ಕು ಗೆರೆಯಲ್ಲಿ ಒಂದೂ ಇಳಿಯಲಿಲ್ಲ. ಕೃಷ್ಣಾನಂದ ಅಂಗಡಿಯ ಬಾಗಿಲಲ್ಲಿ ಪೂರಿಯಂತೆ ಉಬ್ಬಿ ನಿಂತ.

ಆಗ ಒಂದು ಬೆಕ್ಕು ಬಂತು.

ಮೀನುಪೇಟೆಗೆ ಬೆಕ್ಕು ಬರುವುದು ಸುದ್ದಿಯಲ್ಲ. ಆದರೆ ಇದು ಕಮಲಿಯ ಬುಟ್ಟಿಯ ತಾರ್ಲೆ ಮೀನಿನತ್ತ ತಿರುಗಿಯೂ ನೋಡದೆ, ನೇರ ತಿಮ್ಮಕ್ಕನ ತಕ್ಕಡಿಯ ಮುಂದೆ ಕೂತು ಕಿವಿ ನಿಮಿರಿಸಿತು. ಹಿಂದೆಯೇ ಇನ್ನೆರಡು. ಆಮೇಲೆ ಬಸ್‌ಸ್ಟ್ಯಾಂಡಿನ ಹೋಟೆಲಿನ ಮೂರು. ನಾಲ್ಕು ಗಂಟೆಗೆ ಹರಿಕಥೆ ಕೇಳಲು ಕೂತವರಂತೆ ಸಾಲುಸಾಲು ಬೆಕ್ಕು. ಗಡವ ಬೆಕ್ಕೊಂದು ತಟ್ಟೆಯ ಮೇಲೆಯೇ ಹತ್ತಿ ಕೂತಿತು. ಮೂರು ಕಿಲೋ ನಾನೂರು ಎಂದು ತಕ್ಕಡಿ ಸ್ಪಷ್ಟವಾಗಿ ತೋರಿಸಿತು.

"ಇದು ಕಿಲೋಕ್ಕೆ ಎಷ್ಟು ತಿಮ್ಮಕ್ಕಾ?" ಎಂದ ಗಿರಾಕಿಯೊಬ್ಬ.

"ನಿನ್ನ ತಲೆ! ಕೃಷ್ಣಾನಂದಾ, ಬಾರಾ ಇಲ್ಲಿ! ಎಂತ ಹಾಕ್ದ್ಯೋ ಇದ್ರ ಒಳ್ಗೆ?"

ಕೃಷ್ಣಾನಂದನ ಹಿಂದೆ ಗಣಪಣ್ಣನೂ ಬಂದ. ಬೆಕ್ಕುಗಳನ್ನು ನೋಡಿದ, ತಕ್ಕಡಿಯನ್ನು ನೋಡಿದ. "ಒಂದ್ ಸಲ ಆರ್ಸು," ಎಂದ. ಆರಿಸಿದರು. ಬೆಕ್ಕುಗಳು ಬಸ್ಸು ತಪ್ಪಿದವರಂತೆ ಅತ್ತಿತ್ತ ನೋಡಿ ಎದ್ದು ನಡೆದವು. "ಈಗ ಹಚ್ಚು." ಹಚ್ಚಿದರು. ಎಲ್ಲವೂ ತಿರುಗಿ ಬಂದು ತಂತಮ್ಮ ಜಾಗದಲ್ಲೇ ಕೂತವು.

"ಇಲಿಮರಿ ಕೂಗೂದು ಹಿಂಗೇಯ," ಎಂದ ಗಣಪಣ್ಣ. "ನಮ್ಗೆ ಕೇಳೂದಿಲ್ಲ, ಬೆಕ್ಕಿಗೆ ಕೇಳ್ತದೆ. ನಿನ್ನ ಚಿಪ್ಪು ಮಧ್ಯಾಹ್ನದಿಂದ 'ನಾ ಇಲಿ, ನಾ ಇಲ್ಲಿದ್ದೆ' ಹೇಳಿ ಕೂಗ್ತಾ ಅದೆ."

"ತೆಗ್ಯೋ ಅದ್ನ ಈಗ್ಲೇ!" ಎಂದು ತಿಮ್ಮಕ್ಕ ಚೀರಿದಳು. ಕೃಷ್ಣಾನಂದ ಸ್ಕ್ರೂಡ್ರೈವರ್ ಎತ್ತಿದ. ಕಮಲಿ ಅವನ ಕೈ ಹಿಡಿದಳು.

"ಮುಟ್ಟಿದ್ರೆ ನೋಡು! ಇಪ್ಪತ್ತು ವರ್ಷದಲ್ಲಿ ಇವತ್ತೇ ನನ್ನ ಬುಟ್ಟಿಗೆ ಬೆಕ್ಕು ಬಾಯಿ ಹಾಕ್ಲಿಲ್ಲ."

"ನಂಗೂ ಒಂದು ತಾರ್ಲೆ ಹೋಗ್ಲಿಲ್ಲ!" ಎಂದರು ಉಳಿದವರು.

ಕೃಷ್ಣಾನಂದನ ಮುಖ ಅರಳಿತು. "ಹಂಗಾರೆ ಎಲ್ಲರ ತಕ್ಕಡಿಗೂ ಇದ್ನೇ ಹಾಕ್ಲಾ?"

"ಬುದ್ಧಿ ಅದ್ಯಾ ನಿಂಗೆ? ಎಲ್ಲರ್ದೂ ಕೂಗಿದ್ರೆ ಎಲ್ಲರ ಹತ್ರನೂ ಬೆಕ್ಕು! ಒಂದೇ ಸಾಕು. ದೂರ ಇರ್ಬೇಕು ಅಷ್ಟೇ." ಕಮಲಿ ರಸ್ತೆಯಾಚೆ ನೋಡಿದಳು. "ಇದ್ರ ಬ್ಯಾಟ್ರಿ ಎಷ್ಟೊತ್ತು ಬತ್ತದೆ?"

"ನಾಳೆ ಸಂಜೆ ತಂಕ ಆರಾಮ," ಎಂದ ಕೃಷ್ಣಾನಂದ, ಹೆಮ್ಮೆ ತಡೆಯಲಾರದೆ.

ಅಲ್ಲಿಗೆ ತೀರ್ಮಾನವಾಯಿತು. ಎಲ್ಲರೂ ಸೇರಿ ತಿಮ್ಮಕ್ಕನಿಗೆ ಹೊಸ ತಕ್ಕಡಿ ಕೊಡಿಸುವುದೆಂದಾಯಿತು. ಹಳೆಯದನ್ನು ಕಮಲಿ ಎತ್ತಿ ರಸ್ತೆ ದಾಟಿ ಕೃಷ್ಣಾನಂದನ ಮೇಜಿನ ಮೇಲೆ, ದೀಪ ಹಚ್ಚಿಯೇ ಇಟ್ಟಳು. ದಿಬ್ಬಣದಂತೆ ಹಿಂಬಾಲಿಸಿದ ಬೆಕ್ಕುಗಳು ಬೆಂಚು, ಕಪಾಟು, ಬಿಚ್ಚಿಟ್ಟ ಟೀವಿಯ ಹೊಟ್ಟೆ, ಸಿಕ್ಕಿದಲ್ಲಿ ನೆಲೆಗೊಂಡವು.

"ಆತು, ಚಿಪ್ಪು ಚಲೋ ಅದೆ ಹೇಳಿ ನೀವೇ ಒಪ್ಪಿದ್ರಿ," ಎಂದ ಕೃಷ್ಣಾನಂದ ಬೆಕ್ಕುಗಳ ನಡುವಿನಿಂದ. "ಉಳ್ದ ಇಪ್ಪತ್ತೊಂದು ತಕ್ಕಡಿ ಯಾವಾಗ ಕೊಡ್ತ್ರಿ?"

"ಹೊನ್ನಾವರದ ಅರುಣಂಗೆ ಫೋನ್ ಮಾಡಿ ಆತು," ಎಂದಳು ತಿಮ್ಮಕ್ಕ. "ಅಂವ ಹಾಕಿದ್ರೆ ಬೆಕ್ಕು ಬರೂದಿಲ್ಲಂತೆ."

"ಹಂಗಾರೆ ನಾ ಸೋಮವಾರದಿಂದ ಭಟ್ಕಳಕ್ಕೆ ಹೋಗೂದೇ ಸೈ."

"ಭಟ್ಕಳಕ್ಕಾ?" ಕಮಲಿ ಸೊಂಟಕ್ಕೆ ಕೈ ಇಟ್ಟಳು. ಅವಳ ಹಿಂದೆ ಇಡೀ ಸಾಲು ಬಂದು ಬಾಗಿಲು ತುಂಬಿ ನಿಂತಿತು. "ನೀ ಅಂಗಡಿ ಮುಚ್ಚಿ ಹೋದ್ರೆ ಇವೆಲ್ಲ ವಾಪಸ್ ಪೇಟೆಗೆ ಬತ್ತವೆ. ಎಲ್ಲೂ ಹೋಗೂ ಹಂಗಿಲ್ಲ ತಮಾ. ಬೆಳಿಗ್ಗೆ ಆರಕ್ಕೆ ಬಂದು ದೀಪ ಹಚ್ಚೂದು, ಸಂಜೆ ನಾವು ಬುಟ್ಟಿ ಎತ್ತಿದ್ ಮೇಲೆ ಆರ್ಸೂದು. ಭಾನುವಾರ ಗಿರಾಕಿ ಜಾಸ್ತಿ, ಅವತ್ತು ಸ್ವಲ್ಪ ಬೇಗ ಬಾ."