ಗೋಡೆಯಾಚೆಯ ಕೂಗು

ಕಾದ ಧೂಳಿನ ವಾಸನೆ. ಇಂದುಶೇಖರನಿಗೆ ಅದು ಹೊಸದಲ್ಲ. ಚಿತ್ರದುರ್ಗದ ಮನೆಯಲ್ಲಿ ಅಪ್ಪ ವಾಲ್ವ್ ರೇಡಿಯೋದ ಕಿವಿ ತಿರುಗಿಸಿದರೆ ಮೊದಲು ಆ ವಾಸನೆ, ಆಮೇಲೆ ಗರಗರ, ಅದಾದ ಮೇಲೆ ಮಾತು. ಮಾತು ಬರುವವರೆಗೆ ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ಕೂತಿರುತ್ತಿದ್ದರು. ಆಗ ಅದು ಸುಖದ ವಾಸನೆ. ಈ ಭಾನುವಾರ ಬೆಳಿಗ್ಗೆ ದೆಹಲಿಯ ದ್ವಾರಕಾದಲ್ಲಿ, ಕನ್ನಡಿಗರೇ ಹೆಚ್ಚಿದ್ದ ವಸತಿ ಸೊಸೈಟಿಯ ಪಂಪ್ ರೂಮಿನಲ್ಲಿ ಅದೇ ವಾಸನೆ ಬಂದಾಗ ಮಾತ್ರ ಅದು ಕೇಡಿನ ಸೂಚನೆಯಾಗಿತ್ತು. ವಾಸನೆ ಬರುತ್ತಿದ್ದುದು ಅವನೇ ತಂದಿಟ್ಟ ಡಬ್ಬಿಯಿಂದ.

ಇಂದುಶೇಖರ ನೋಯ್ಡಾದ ಒಂದು ಸಣ್ಣ ಕಂಪನಿಯಲ್ಲಿ ಇಂಜಿನಿಯರ್. ಇಂಟರ್‌ನೆಟ್ ತಂತಿಯಲ್ಲೇ ಟೀವಿ ತೋರಿಸುವುದು ಆ ಕಂಪನಿಯ ಕೆಲಸ. ಸೊಸೈಟಿಗೆ ಕೇಬಲ್ ಕೊಡುತ್ತಿದ್ದ ಚೌಧರಿಯನ್ನು ಒಂದು ಕನ್ನಡ ಚಾನೆಲ್ ಹಾಕಪ್ಪಾ ಎಂದು ಕೇಳಿದ್ದಕ್ಕೆ ಅವನು, "ಮದ್ರಾಸ್ ವಾಲಾ ಹೈ ನಾ ಸಾಬ್, ಏಕ್ ಹೀ ಬಾತ್ ಹೈ" ಎಂದು, ಕನ್ನಡವೂ ತಮಿಳೂ ಒಂದೇ ಎಂಬಂತೆ, ಬೈಕ್ ಏರಿ ಹೋಗಿದ್ದ. ಇಂದುಶೇಖರನಿಗೆ ಮೈಯೆಲ್ಲ ಉರಿಯಿತು. ಸೊಸೈಟಿಯ ಸಭೆಯಲ್ಲಿ ಎದ್ದು ನಿಂತು ಚೌಧರಿಯ ತಂತಿ ಕೀಳಿಸಿದ. ಮನೆಮನೆಗೆ ತನ್ನ ಕಂಪನಿಯ ಟೀವಿ ತಂದ. ಕನ್ನಡ ಬಂತು. ಜೊತೆಗೆ ಅರ್ಧ ನಿಮಿಷದ ತಡವೂ ಬಂತು.

ಇಂಟರ್‌ನೆಟ್ಟಿನಲ್ಲಿ ಚಿತ್ರ ಚೂರುಚೂರಾಗಿ ಬರುತ್ತದೆ. ಪಂಪ್ ರೂಮಿನ ಡಬ್ಬಿ ಆ ಚೂರುಗಳನ್ನೆಲ್ಲ ಕೂಡಿಹಾಕಿ, ಸಾಲಾಗಿ ನಿಲ್ಲಿಸಿ, ಆಮೇಲೆ ಮನೆಗಳಿಗೆ ಕಳಿಸುತ್ತದೆ. ಶೇರ್ ಆಟೋ ಸೀಟು ತುಂಬುವವರೆಗೂ ಹೊರಡದ ಹಾಗೆ. ಧಾರಾವಾಹಿ ನೋಡುವವರಿಗೆ ಇದು ಗೊತ್ತೇ ಆಗಲಿಲ್ಲ. ಕ್ರಿಕೆಟ್ ಶುರುವಾದಾಗ ಗೊತ್ತಾಯಿತು. ಗೋಡೆಯಾಚೆಯ ಸೊಸೈಟಿಯಲ್ಲಿ ಚೌಧರಿಯ ಕೇಬಲ್ಲೇ ಇತ್ತು. ಅಲ್ಲಿ "ಔಟ್!" ಎಂದು ಕೂಗು ಎದ್ದಾಗ ಇಲ್ಲಿ ಬೌಲರ್ ಇನ್ನೂ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಿರುತ್ತಿದ್ದ.

"ನೀವು ತೋರಿಸ್ತಿರೋದು ನೇರ ಪ್ರಸಾರ ಅಲ್ಲ ಕಣ್ರೀ, ಶ್ರಾದ್ಧದ ಪ್ರಸಾರ," ಎಂದಿದ್ದರು ಸೊಸೈಟಿಯ ಕಾರ್ಯದರ್ಶಿ ಅನಂತಮೂರ್ತಿ. ಸಚಿವಾಲಯದಿಂದ ನಿವೃತ್ತರಾದರೂ ಟಿಪ್ಪಣಿ ಬರೆಯುವ ಧಾಟಿ ಬಿಟ್ಟಿರಲಿಲ್ಲ. "ಆಗಿಹೋದದ್ದನ್ನ ಎಷ್ಟು ಅಂತ ನೋಡೋದು? ಭಾನುವಾರ ಫೈನಲ್. ಮ್ಯಾಚ್ ಮುಗಿದ ಮೇಲೆ ಸಭೆ. ಅಷ್ಟರಲ್ಲಿ ಸರಿ ಮಾಡಿ, ಇಲ್ಲಾಂದ್ರೆ ಚೌಧರೀನ ವಾಪಸ್ ಕರೀತೀವಿ."

"ಗೋಡೆ ಆ ಕಡೆಯ ಕೂಗೂ ನಮ್ಮ ಕೂಗೂ ಒಟ್ಟಿಗೆ ಏಳದಿದ್ರೆ, ನಾನೇ ಹೋಗಿ ಅವನ ಕೈಗೆ ತಂತಿ ಕೊಡ್ತೀನಿ," ಎಂದು ಇಂದುಶೇಖರ ಎಲ್ಲರೆದುರಿಗೆ ಪಣ ತೊಟ್ಟಿದ್ದ.

ಆ ಭಾನುವಾರವೇ ಇದು. ಡಬ್ಬಿ ನೋಡಿದರೆ ದೋಸೆ ಹುಯ್ಯುವಷ್ಟು ಕಾದಿತ್ತು. ಇಂದುಶೇಖರ ಮನೆಗೆ ಓಡಿ ಟೇಬಲ್ ಫ್ಯಾನ್ ಎತ್ತಿಕೊಂಡ.

"ರೀ, ಬೆವರೋದು ನಾನು, ಗಾಳಿ ಡಬ್ಬಿಗಾ?" ಎಂದು ಅವನ ಹೆಂಡತಿ ಅಹಲ್ಯಾ ಅಡಿಗೆಮನೆಯಿಂದ ಕೂಗಿದಳು. "ತಿಂಡಿನಾದ್ರೂ ತಿನ್ಕೊಂಡು ಹೋಗಿ!"

"ಗೆದ್ದ ಮೇಲೆ ತಿಂತೀನಿ!"

ಗಾಳಿ ಬಿದ್ದು ಡಬ್ಬಿ ತಣ್ಣಗಾಯಿತು. ಅದು ಚೂರುಗಳಿಗಾಗಿ ಕಾಯುವ ಹೊತ್ತನ್ನು ಅವನು ಸ್ವಲ್ಪ ಸ್ವಲ್ಪವಾಗಿ ಕತ್ತರಿಸುತ್ತ ಬಂದ. ಮಧ್ಯಾಹ್ನ ಮ್ಯಾಚ್ ಶುರುವಾದದ್ದೇ ತಡ, ಮನೆಗಳಿಂದ ಫೋನು ಬರತೊಡಗಿದವು. "ಅಂಪೈರ್‌ಗೆ ತಲೆ ಇಲ್ಲ." "ನಮ್ಮನೇಲಿ ತಲೆ ಇದೆ, ಬ್ಯಾಟ್ ಇಲ್ಲ." "ಇಂದುಶೇಖರ್, ಪಿಚ್ ಎಲ್ಲ ಚೆಕ್ಸ್ ಲುಂಗಿ ಥರ ಕಾಣ್ತಿದೆ!"

ಹುಡುಕಿದರೆ ಕಾರಣ ಪಕ್ಕದಲ್ಲೇ ಇತ್ತು. ನೀರೆತ್ತುವ ಮೋಟಾರ್ ಗುಡುಗಿದಾಗಲೆಲ್ಲ ಕರೆಂಟ್ ಕುಗ್ಗಿ ಡಬ್ಬಿ ತೂಕಡಿಸುತ್ತಿತ್ತು. ಇಂದುಶೇಖರ ಹಿಂದೆಮುಂದೆ ನೋಡದೆ ಮೋಟಾರ್ ಆರಿಸಿದ. ಚಿತ್ರ ಕನ್ನಡಿಯ ಹಾಗಾಯಿತು.

ಇಳಿಹೊತ್ತಿಗೆ ಪಂಪ್ ರೂಮಿನ ಬಾಗಿಲಲ್ಲಿ ಒಂದು ಬಿಳಿ ಆಕೃತಿ ಬಂದು ನಿಂತಿತು. ತಲೆಯಿಂದ ಕತ್ತಿನವರೆಗೆ ಸೋಪಿನ ನೊರೆ, ಕೆಳಗೆ ಟವೆಲ್. ದನಿ ಅನಂತಮೂರ್ತಿಯವರದು.

"ಮೋಟಾರ್ ಯಾರ್ರೀ ಆರಿಸಿದ್ದು? ಮೇಲೆ ಟ್ಯಾಂಕ್ ಖಾಲಿ! ನನಗೆ ಕಣ್ಣು ಬಿಡೋಕಾಗ್ತಿಲ್ಲ!"

"ನಾನೇ ಆರಿಸಿದ್ದು ಸಾರ್. ಫೈನಲ್ ಮುಗಿಯೋವರೆಗೂ ಹಾಕಲ್ಲ."

"ಅಲ್ಲಿವರೆಗೂ ನಾನು ಹೀಗೇ ಇರ್ಲಾ?"

"ಒಂದು ಬಕೆಟ್ ನೀರಿದೆ, ತಗೊಳ್ಳಿ. ಮೋಟಾರ್ ಮಾತ್ರ ಹಾಕಲ್ಲ."

ಅನಂತಮೂರ್ತಿ ಬಕೆಟ್ ಹಿಡಿದು ಮೆಟ್ಟಿಲು ಹತ್ತುತ್ತಿದ್ದಂತೆ ಗೇಟಿನಲ್ಲಿ ಬೈಕ್ ಸದ್ದಾಯಿತು. ಹೆಗಲಿಗೆ ಕೇಬಲ್ಲಿನ ಸುರುಳಿ ಹಾಕಿಕೊಂಡು, ಮದುವೆಗೆ ಹಾರ ತಂದವನಂತೆ ಚೌಧರಿ ನಗುತ್ತ ನಿಂತಿದ್ದ.

"ಕ್ಯೂಂ ಇಂಜಿನಿಯರ್ ಸಾಬ್, ಆಜ್ ಕಾ ಮ್ಯಾಚ್ ಕಲ್ ದಿಖಾವೋಗೇ? ತಾರ್ ಜೋಡ್ ದೂಂ?" ಇವತ್ತಿನ ಮ್ಯಾಚನ್ನು ನಾಳೆ ತೋರಿಸುತ್ತೀರಾ, ತಂತಿ ಜೋಡಿಸಲಾ ಎಂದು ಅವನ ಅಣಕ.

"ತಾರ್ ತೇರೇ ಪಾಸ್ ಹೀ ರಖ್," ಎಂದ ಇಂದುಶೇಖರ. ತಂತಿ ನಿನ್ನ ಹತ್ತಿರವೇ ಇಟ್ಟುಕೋ ಎಂಬ ಅವನ ಹಿಂದಿಗೆ ಚಿತ್ರದುರ್ಗದ ಕಲ್ಲುಕೋಟೆಯ ಗಡಸಿತ್ತು. "ಬಟ್ಟೆ ಒಣಗಿಸೋಕೆ ಬರುತ್ತೆ!" ಕೋಪದಲ್ಲಿ ಈ ಮಾತು ಕನ್ನಡದಲ್ಲೇ ಬಂತು. ಚೌಧರಿಗೆ ಪೂರ್ತಿ ಅರ್ಥವಾಗದಿದ್ದರೂ ನಾಟಿತು.

ಕೊನೆಯ ಓವರುಗಳು. ಇಂದುಶೇಖರ ಡಬ್ಬಿಯ ಕಾಯುವ ಹೊತ್ತನ್ನು ಉಗುರಿನಷ್ಟಕ್ಕೆ ತಂದು, ಕಿವಿ ಗೋಡೆಗೆ ಆನಿಸಿ ನಿಂತ. "ಔಟ್!" ಎಂದಿತು ಈ ಕಡೆ. "ಔಟ್!" ಎಂದಿತು ಆ ಕಡೆ. ಈ ಕಡೆಯದೇ ಕೂದಲೆಳೆಯಷ್ಟು ಮುಂದೆ! ಅವನು ಪಂಪ್ ರೂಮಿನಲ್ಲಿ ಒಬ್ಬನೇ ಕುಣಿದ.

ಮ್ಯಾಚ್ ಮುಗಿದು ಮೋಟಾರ್ ಹಾಕಿ, ಗ್ರೀಸು ಮೆತ್ತಿದ ಮುಖದಲ್ಲಿ ಸಭೆಗೆ ಹೋದ. ಹೆಗಲ ಮೇಲೆ ಹೊರುತ್ತಾರೇನೋ ಅಂದುಕೊಂಡಿದ್ದ. ನೋಡಿದರೆ ಎಲ್ಲರೂ ಮುಖ ಗಂಟು ಹಾಕಿಕೊಂಡು ಕೂತಿದ್ದರು.

"ಏನಾಯ್ತು? ಸೋತ್ವಾ?"

"ಗೆದ್ವಿ," ಎಂದಳು ಅಹಲ್ಯಾ. "ನೋಡಿದ್ಯಾರು? ಇಷ್ಟು ದಿನ ನಾವು ಹೆಂಗಸರು ಒಲೆ ಮುಂದೆ ಇರ್ತಿದ್ವಿ. ಆ ಕಡೆ ಕೂಗು ಎದ್ದ ತಕ್ಷಣ ಉರಿ ಸಣ್ಣ ಮಾಡಿ, ಕೈ ಒರೆಸ್ಕೊಂಡು ಬಂದು ಕೂತ್ರೆ, ಸರಿಯಾಗಿ ವಿಕೆಟ್ ಬೀಳ್ತಿತ್ತು. ಇವತ್ತು ಓಡಿ ಬಂದಾಗಲೆಲ್ಲ ಸಾಬೂನಿನ ಜಾಹೀರಾತು!"

ಅನಂತಮೂರ್ತಿ ಗಂಟಲು ಸರಿಮಾಡಿಕೊಂಡರು. ಅವರ ಕಿವಿಯಲ್ಲಿ ಇನ್ನೂ ನೊರೆಯಿತ್ತು. "ನನ್ನದೂ ಒಂದಿದೆ. ಬಾಲ್ಕನೀಲಿ ಕೂಗು ಕೇಳಿಸ್ಕೊಂಡು ಒಳಗೆ ಬಂದು, ಅಳಿಯನ ಮುಂದೆ 'ಈಗ ನೋಡಪ್ಪ, ಸಿಕ್ಸರ್' ಅಂತಿದ್ದೆ. ಮಾವನೋರಿಗೆ ಎಂಥಾ ಲೆಕ್ಕಾಚಾರ ಅಂತ ಅವನು ಬೆರಗಾಗ್ತಿದ್ದ. ಇವತ್ತು ಹೇಳಿದ್ದೆಲ್ಲ ಸುಳ್ಳಾಯ್ತು. ಮರ್ಯಾದೆ ಉಳೀಲಿಲ್ಲ."

"ಸಾರ್, ಶ್ರಾದ್ಧದ ಪ್ರಸಾರ ಅಂದಿದ್ದು ನೀವೇ!"

"ಅಂದಿದ್ದೆ. ಈಗ ವಾಪಸ್ ತಗೊಂಡೆ. ನೀವೂ ಆ ಅರ್ಧ ನಿಮಿಷ ವಾಪಸ್ ಕೊಡಿ. ಇಲ್ಲಾಂದ್ರೆ ಚೌಧರೀನೇ ಗತಿ."

ಚೌಧರಿ ಬಾಗಿಲಲ್ಲೇ ಇದ್ದ. ಅವನ ನಗು ಎಲ್ಲೋ ಹೋಗಿತ್ತು. ಕೈ ಮುಗಿದ. "ಸಾಬ್, ಥೋಡಾ ಲೇಟ್ ಕರ್ ದೋ, ಸ್ವಲ್ಪ ಲೇಟ್ ಮಾಡಿ. ನಿಮ್ಮ ಕೂಗು ಮುಂದೆ ಬಂತಂತೆ. ಗೋಡೆ ಆ ಕಡೆ ವಾಲೇ ನನ್ನ ತಾರ್ ಕಿತ್ತು, ನಿಮ್ಮ ಡಬ್ಬಾ ಕೇಳ್ತಾ ಹೈಂ!" ಸೊಸೈಟಿಯಲ್ಲಿ ಕಿವಿಗೆ ಬಿದ್ದಿದ್ದ ಅರ್ಧಂಬರ್ಧ ಕನ್ನಡವೆಲ್ಲ ಗಾಬರಿಯಲ್ಲಿ ಅವನ ಬಾಯಿಗೆ ಬಂದುಬಿಟ್ಟಿತ್ತು.

ಗೆದ್ದವನು ತಾನು, ಆದರೆ ಆ ಗೆಲುವು ಯಾರಿಗೂ ಬೇಡ. ಇಂದುಶೇಖರನಿಗೆ ಸಿಟ್ಟು ನೆತ್ತಿಗೇರಿತು.

"ಮಾಡಲ್ಲ! ಯಾರು ಹೇಳಿದ್ರೂ ಮಾಡಲ್ಲ!" ಎಂದು ಪಂಪ್ ರೂಮಿಗೆ ಹೋಗಿ ಚಿಲಕ ಹಾಕಿಕೊಂಡ.

ಅನಂತಮೂರ್ತಿ ಬಂದು ಬಾಗಿಲು ಬಡಿದರು. ಚೌಧರಿ ಬಡಿದ. ಅಹಲ್ಯಾ ಬಡಿಯಲಿಲ್ಲ, ಫ್ಯಾನ್ ಕೊಡಿ ಎಂದಳು. ಅವನು ಜಗ್ಗಲಿಲ್ಲ.

ಎಲ್ಲರೂ ಹೋದ ಮೇಲೆ ಮೆಲ್ಲಗೆ ಬಳೆ ಸದ್ದಾಯಿತು. ಬಾಗಿಲು ತೆಗೆದರೆ ಕೆಳಮನೆಯ ರತ್ನಪ್ರಭಮ್ಮ. ಎದೆಗೆ ಆಪರೇಷನ್ ಆಗಿ ಒಬ್ಬರೇ ಇರುವವರು.

"ನಿಮಗೂ ಅರ್ಧ ನಿಮಿಷ ಬೇಕಾ, ಅಮ್ಮಾ?" ಎಂದ, ಸಿಡುಕಿನಲ್ಲೇ.

"ಅಷ್ಟೊಂದು ಬೇಡಪ್ಪ. ಆ ಕಡೆ ಎಲ್ಲರೂ 'ಅಯ್ಯೋ' ಅಂದ್ರೆ ನಮ್ಮೋನು ಔಟಾದ ಅಂತ ಮೊದಲೇ ತಿಳೀತಿತ್ತು. ಕಣ್ಣು ಮುಚ್ಕೊಳ್ತಿದ್ದೆ. ಡಾಕ್ಟ್ರು ಗಾಬರಿ ಆಗ್ಬೇಡಿ ಅಂದಿದಾರೆ. ಇವತ್ತು ಹೆದರಿ ಟೀವಿನೇ ಹಾಕ್ಲಿಲ್ಲ."

ಇಂದುಶೇಖರ ಡಬ್ಬಿಯ ಕಡೆ ನೋಡಿದ. ಮತ್ತೆ ಕಾದ ಧೂಳಿನ ವಾಸನೆ ಏಳುತ್ತಿತ್ತು.

"ಕಣ್ಣು ಮುಚ್ಚೋಕೆ ಎಷ್ಟು ಹೊತ್ತು ಬೇಕು?" ಎಂದು ಗೊಣಗುತ್ತ, ಅದರ ಕಾಯುವ ಹೊತ್ತನ್ನು ಕೊಂಚ ಹೆಚ್ಚಿಸಲು ಕೈ ಚಾಚಿದ.

ಬೆಳಿಗ್ಗೆ ಅವನು 'ಗೆದ್ದ ಮೇಲೆ ತಿಂತೀನಿ' ಎಂದು ಕೂಗಿದ್ದು ಕೆಳಮನೆಯ ರತ್ನಪ್ರಭಮ್ಮನವರಿಗೂ ಕೇಳಿಸಿತ್ತು. ಸೆರಗಿನಡಿಯಿಂದ ಸ್ಟೀಲ್ ಕ್ಯಾರಿಯರ್ ತೆಗೆದು, ಗ್ರೀಸಾದ ಅವನ ಕೈಗೆ ಒರೆಸಿಕೊಳ್ಳಲು ಮೊದಲು ಒಂದು ಬಟ್ಟೆ ಕೊಟ್ಟು, ಆಮೇಲೆ ಬಿಸಿ ಅನ್ನ ಸಾರಿನ ಊಟವನ್ನು ಸದ್ದಿಲ್ಲದೆ ಕೈಗಿತ್ತರು.