ಬಾಗಿಲಿಲ್ಲದ ಮನೆಯಲ್ಲಿ ಅಪ್ಪನ ಪಾತ್ರ

"ನೀವು ಕಾಲೇಜಿನಲ್ಲಿ ನಾಟಕ ಆಡ್ತಿದ್ರಂತೆ, ಬಹುಮಾನವೂ ಬಂದಿತ್ತಂತೆ" ಎಂದು ಯಾರಾದರೂ ಕೇಳಿದರೆ ನಾನು ತಕ್ಷಣ ಕಾಫಿ ತರಿಸುತ್ತೇನೆ, ಇಲ್ಲವೇ ಅವರ ಮಂಡಿನೋವಿನ ವಿಚಾರ ಎತ್ತುತ್ತೇನೆ. ಇದನ್ನು ನನ್ನ ವಿನಯ ಎಂದು ತಿಳಿದು ಮೆಚ್ಚಿಕೊಂಡವರಿದ್ದಾರೆ. ವಿನಯಕ್ಕೂ ನನಗೂ ಅಷ್ಟೇನೂ ಬಳಕೆಯಿಲ್ಲ. ಕೆಮ್ಮು ವಾಸಿಯಾದ ಸುದ್ದಿಯನ್ನೂ ನಾಲ್ಕು ಮನೆಗೆ ಹೇಳಿ ಬರುವ ಜಾತಿ ನನ್ನದು. ಆದರೆ ಆ ಬಹುಮಾನದ ಮಾತು ಬಂದರೆ ಮಾತ್ರ ನಾಲಿಗೆ ಮಡಚಿಕೊಳ್ಳುತ್ತದೆ. ಬಹುಮಾನವಾಗಿ ಬಂದ ಕಪ್ಪು ಈಗಲೂ ನಮ್ಮ ಮನೆಯ ಗಾಜಿನ ಬೀರುವಿನಲ್ಲಿದೆ. ನನ್ನ ಹೆಂಡತಿ ಅದರಲ್ಲಿ ಸೇಫ್ಟಿ ಪಿನ್ನು, ಮುರಿದ ಗುಂಡಿ, ರಬ್ಬರ್ ಬ್ಯಾಂಡು ಹಾಕಿಡುತ್ತಾಳೆ. ಅದರ ಮೇಲೆ 'ಉತ್ತಮ ಹಾಸ್ಯ ಪಾತ್ರ' ಎಂದು ಕೆತ್ತಿದೆ. ನಾನು ಮಾಡಿದ್ದು ಹಾಸ್ಯ ಪಾತ್ರವಲ್ಲ, ಮಗನಿಗಾಗಿ ಕಣ್ಣೀರಿಡುವ ತಂದೆಯ ಪಾತ್ರ. ಅಲ್ಲಿಂದಲೇ ನನ್ನ ತಾಪತ್ರಯ ಶುರು.

ಅದು ಐವತ್ತರ ದಶಕ. ನಮ್ಮ ಕಾಲೇಜಿನ ನಾಟಕ ಸಂಘಕ್ಕೆ ಹೆಸರಿತ್ತು, ಕಾರ್ಯದರ್ಶಿ ಇದ್ದ, ಒಂದು ಡಬ್ಬ ಬಣ್ಣವಿತ್ತು. ರಿಹರ್ಸಲ್ಲಿಗೆ ಜಾಗ ಇರಲಿಲ್ಲ. ಹಾಸ್ಟೆಲಿನಲ್ಲಿ ವಾರ್ಡನ್ನರು ಓಡಿಸಿದರು. ದೇವಸ್ಥಾನದ ಹಜಾರದಲ್ಲಿ ನಮ್ಮ ಆರ್ಭಟಕ್ಕೆ ಹೆದರಿ ಪ್ರದಕ್ಷಿಣೆ ಹಾಕುವವರು ದಿಕ್ಕು ತಪ್ಪಿದರು. ಕಾರ್ಯದರ್ಶಿ ನಂಜುಂಡ ಆ ವರ್ಷ ತಾನೇ ಒಂದು ನಾಟಕ ಬರೆದು, ತಾನೇ ನಿರ್ದೇಶಕನಾಗಿ, ಅಂತರ ಕಾಲೇಜು ಸ್ಪರ್ಧೆಗೆ ಹೆಸರು ಕೊಟ್ಟು ಕೂತಿದ್ದ. ಕತೆ ಆ ಕಾಲಕ್ಕೆ ತಕ್ಕದ್ದು: ತಾಯಿ ಮೊದಲನೇ ಅಂಕದಲ್ಲೇ ಸಾಯುತ್ತಾಳೆ, ತಂದೆ ಮಗನನ್ನು ಮನೆಯಿಂದ ಹೊರಗೆ ಹಾಕುತ್ತಾನೆ, ಕೊನೆಯ ದೃಶ್ಯದಲ್ಲಿ ಮಗ ವಾಪಸು ಬರುತ್ತಾನೆ, ಎಲ್ಲರೂ ಅಳಬೇಕು. ಅಲ್ಲಿಯವರೆಗೆ ನನಗೆ ಸಿಗುತ್ತಿದ್ದುದು ದ್ವಾರಪಾಲಕನ ಪಾತ್ರಗಳು, ಒಮ್ಮೆ ಹೆಣ. ಹೆಣವಾಗಿ ಸೀನಿದ್ದರಿಂದ ಅದೂ ಕೈತಪ್ಪಿತ್ತು. ಆಗ ನಾನು ನಂಜುಂಡನ ಕಿವಿಯಲ್ಲಿ ಹೇಳಿದೆ: "ಗುರು, ರಾಜಾಜಿನಗರದಲ್ಲಿ ನಮ್ಮಪ್ಪ ಮನೆ ಕಟ್ಟಿಸ್ತಾ ಇದಾರೆ. ಗೋಡೆ ಎದ್ದಿದೆ, ಸೂರಿಲ್ಲ. ಅಲ್ಲಿ ಕಿರುಚಿದ್ರೂ ಕೇಳೋರಿಲ್ಲ." ನಂಜುಂಡ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ನನ್ನಲ್ಲಿ ಅಡಗಿದ್ದ ಪ್ರತಿಭೆಯನ್ನು ಆ ಕ್ಷಣವೇ ಗುರುತಿಸಿದ. ತಂದೆಯ ಪಾತ್ರ ನನ್ನದಾಯಿತು.

ರಾಜಾಜಿನಗರದಲ್ಲಿ ನಗರ ಎಂಬುದು ಆಗ ಹೆಸರಿನಲ್ಲಿ ಮಾತ್ರ ಇತ್ತು. ನೆಟ್ಟ ಕಲ್ಲುಗಳು, ಅಲ್ಲೊಂದು ಇಲ್ಲೊಂದು ಅರ್ಧ ಎದ್ದ ಮನೆ, ನಡುವೆ ರಾಗಿಯ ಕೂಳೆ. ಕುರುಬರಹಳ್ಳಿಯ ದನಗಳಿಗೆ ಬಡಾವಣೆ ಆಗಿರುವ ವಿಷಯ ಯಾರೂ ತಿಳಿಸಿರಲಿಲ್ಲ. ಅವು ಎಂದಿನಂತೆ ನಮ್ಮ ನಡುಮನೆಯ ಮೂಲಕವೇ ಹಾದುಹೋಗುತ್ತಿದ್ದವು. ಅಪ್ಪ ಸರ್ಕಾರಿ ಕಚೇರಿಯಲ್ಲಿ ಹೆಡ್ ಗುಮಾಸ್ತರು. ಅವರು ನನ್ನೊಡನೆ ನೇರವಾಗಿ ಮಾತನಾಡುತ್ತಿರಲಿಲ್ಲ. ಕೋಪವೇನಲ್ಲ, ಪದ್ಧತಿ. ಹೇಳಬೇಕಾದುದನ್ನು ಗೋಡೆಯ ಕಡೆ ತಿರುಗಿ ಅಮ್ಮನಿಗೆ ಹೇಳುತ್ತಿದ್ದರು. ರಿಹರ್ಸಲ್ಲಿಗೆ ಅಪ್ಪಣೆ ಬಂದದ್ದೂ ಹಾಗೆಯೇ: "ನಿನ್ನ ಮಗನಿಗೆ ಹೇಳು, ಅವನ ಪಟಾಲಮ್ಮು ಅಲ್ಲಿ ಕುಣಿಯೋದಾದ್ರೆ ಕುಣೀಲಿ. ಗೋಡೆಗೆ ನೀರು ಹಾಕ್ಬೇಕು." ಹೊಸ ಗೋಡೆ ಗಟ್ಟಿಯಾಗುವವರೆಗೆ ಅದನ್ನು ದಿನವೂ ನೆನೆಸಬೇಕಲ್ಲ, ಆ ಕೆಲಸ ನಾಟಕ ಸಂಘದ ಪಾಲಿಗೆ ಬಂತು.

ಹೀಗೆ ನಾವು ಒಂದು ಕೈಯಲ್ಲಿ ಮಾತಿನ ಚೀಟಿ, ಇನ್ನೊಂದು ಕೈಯಲ್ಲಿ ಬಕೆಟ್ಟು ಹಿಡಿದು ಕಲಾವಿದರಾದೆವು. ಸಿಟ್ಟಿನ ಮಾತಿಗೆ ನೀರು ದೂರ ಚಿಮ್ಮುತ್ತಿತ್ತು, ದುಃಖದ ಮಾತಿಗೆ ಗೋಡೆಯ ಬುಡದಲ್ಲೇ ಸೋರುತ್ತಿತ್ತು. ಒಂದು ಸಂಜೆ ನಾನು ಮಗನ ಪಾತ್ರದ ಶೇಷುವಿಗೆ, "ತೊಲಗು! ಈ ಮನೆಯ ಹೊಸಿಲು ಇನ್ನು ತುಳಿಯಬೇಡ!" ಎಂದು ಅಬ್ಬರಿಸುತ್ತಿದ್ದಾಗ ಕುರುಬರಹಳ್ಳಿಯ ಒಬ್ಬ ಹೆಂಗಸು ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವಳು ನಿಂತಳು. ಜಗಳ ನಿಜವೆಂದೇ ಅವಳು ನಂಬಿದ್ದಳು. "ಅಲ್ಲ ಕಣಪ್ಪ, ಬಾಗ್ಲೇ ಇಕ್ಕಿಲ್ಲ, ಹೊಸ್ಲೂ ಇಲ್ಲ, ಆ ಮಗೀನ ಎಲ್ಲಿಂದ ಆಚಿಕ್ಕಾಕ್ತೀಯ? ಮೊದ್ಲು ಬಾಗ್ಲು ಇಕ್ಸು, ಆಮೇಲೆ ಜಗಳ ಆಡು" ಎಂದಳು. ಶೇಷುವಿಗೆ ನಗು ತಡೆಯಲಾಗಲಿಲ್ಲ. ನಂಜುಂಡ ಮಾತ್ರ, ವಿಮರ್ಶೆ ಅಂದರೆ ಇದು ಎಂದು ತಲೆದೂಗಿದ.

ಈಗ ನನ್ನ ನಟನೆಯ ಗುಟ್ಟು ಹೇಳಬೇಕು. ಇಪ್ಪತ್ತೂ ತುಂಬದ ನನಗೆ ತಂದೆಯಾಗಿ ಅನುಭವ ಎಲ್ಲಿಂದ ಬರಬೇಕು? ಕಂಡಿದ್ದು ಒಬ್ಬರೇ ತಂದೆ. ಅವರನ್ನೇ ಇಳಿಸಿಬಿಟ್ಟೆ. ಅಪ್ಪ ಬಿಸಿಲಿರಲಿ ಇಲ್ಲದಿರಲಿ ಛತ್ರಿ ಹಿಡಿಯುತ್ತಿದ್ದರು. ಏನಾದರೂ ಹೇಳುವ ಮುಂಚೆ ಕನ್ನಡಕ ತೆಗೆದು, ಪಂಚೆಯ ಚುಂಗಿನಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಹಾಕಿಕೊಂಡು, ಇಷ್ಟೆಲ್ಲ ಸಿದ್ಧತೆಯ ನಂತರ "ಹೂಂ" ಎಂದಷ್ಟೇ ಹೇಳುತ್ತಿದ್ದರು. ಮೊದಲ ದಿನ ನಾನು ಆ "ಹೂಂ" ತೆಗೆದಾಗ ಇಡೀ ತಂಡ ಮರಳಿನ ಗುಡ್ಡೆಯ ಮೇಲೆ ಬಿದ್ದು ಹೊರಳಾಡಿತು. ನಂಜುಂಡ, "ಮಗಾ, ಇದನ್ನ ಬಿಡಬೇಡ" ಎಂದ. ನನಗೂ ನಾನೊಬ್ಬ ಕಲಾವಿದ ಎಂದು ಅನ್ನಿಸಿದ್ದು ಅವತ್ತೇ.

ಆದರೆ ಒಂದು ಸಂಜೆ ಅಪ್ಪ ಸೈಕಲ್ಲಿನಲ್ಲಿ ಬಂದರು. ಗೋಡೆ ನೆನೆದಿದೆಯೇ ಎಂದು ಮುಟ್ಟಿ ನೋಡಿದರು. ಹೊರಟುಹೋಗುತ್ತಾರೆಂದು ಕಾದೆವು. ಅವರು ಇಟ್ಟಿಗೆ ರಾಶಿಯ ಮೇಲೆ ಕರವಸ್ತ್ರ ಹಾಸಿ ಕುಳಿತರು. ಮಾರನೆಯ ದಿನವೂ ಬಂದರು, ಅದರ ಮಾರನೆಯ ದಿನವೂ. ಅವರ ಮುಂದೆ ಅವರದೇ ಛತ್ರಿ, ಕನ್ನಡಕ, "ಹೂಂ" ಮಾಡುವುದು ಹೇಗೆ? ಆದ್ದರಿಂದ ನಾನು ಎರಡು ಬಗೆಯ ತಂದೆಯನ್ನು ಇಟ್ಟುಕೊಂಡೆ. ಅಪ್ಪ ಇಲ್ಲದಾಗ ನಿಜವಾದದ್ದು, ಅಪ್ಪ ಬಂದಾಗ ಸಪ್ಪೆಯದು. ಸಪ್ಪೆಯ ತಂದೆ ಕೈ ಇಳಿಬಿಟ್ಟು ಗಡಿಯಾರದ ಕಂಬದ ಹಾಗೆ ನಿಂತು ಮಾತು ಒಪ್ಪಿಸುತ್ತಿದ್ದ. ಅಪ್ಪನಿಗೆ ಇದನ್ನು ನೋಡಿ ನೋಡಿ ತಮ್ಮ ಮಗನಿಗೆ ನಟನೆ ಬರುವುದಿಲ್ಲವೆಂದು ಖಾತ್ರಿಯಾಯಿತು. ಅವರಿಗೆ ನನ್ನ ಮೇಲೆ ಮರುಕ ಹುಟ್ಟಿತು ಎಂದು ಈಗ ಅರ್ಥವಾಗುತ್ತದೆ.

ಅವತ್ತು ಕೊನೆಯ ದೃಶ್ಯದ ಅಭ್ಯಾಸ. ಶೇಷುವಿಗೆ ಜ್ವರ, ಬಂದಿರಲಿಲ್ಲ. ನಾನು ಬಯಲಿಗೆ ಮುಖ ಮಾಡಿ, "ಓ ನನ್ನ ವಂಶದ ಕುಡಿಯೇ, ಈ ಪಾಪಿ ತಂದೆಯನ್ನು ಮನ್ನಿಸು!" ಎಂದು ನಂಜುಂಡ ಬರೆದ ಮಾತನ್ನು ಒಪ್ಪಿಸುತ್ತಿದ್ದೆ. ಅಪ್ಪ ಗೋಡೆಗೆ ನೀರು ಚಿಮುಕಿಸುತ್ತಿದ್ದವರು ಚೆಂಬು ಕೆಳಗಿಟ್ಟರು.

"ಅಪ್ಪ ಅನ್ನೋನು ಹಾಗೆ ನಿಲ್ಲಲ್ಲ ಕಣೋ" ಎಂದರು. ನನಗೇ ಹೇಳಿದರು, ಗೋಡೆಗಲ್ಲ. "ಅಷ್ಟುದ್ದ ಮಾತೂ ಆಡಲ್ಲ. ನೀನು ಆಚೆ ಹೋಗಿ ಮಗ ಬಂದ ಹಾಗೆ ಬಾ."

ನಾನು ಹೊರಗೆ ಹೋಗಿ, ಮುಂದೆ ಬಾಗಿಲು ಬರಬೇಕಾಗಿದ್ದ ಸಂದಿನಲ್ಲಿ ನಿಂತೆ. ಅಪ್ಪ ಒಳಗಿನಿಂದ ನಡೆದು ಬಂದರು. ಕನ್ನಡಕ ಒರೆಸಲಿಲ್ಲ, ಛತ್ರಿ ಹುಡುಕಲಿಲ್ಲ. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ತಲೆಯ ಮೇಲೆ ಕೈಯಿಟ್ಟರು. ಗೋಡೆಯ ನೀರಿನಿಂದ ಕೈ ಒದ್ದೆಯಾಗಿತ್ತು. "ಬಂದ್ಯಾ? ಕೈಕಾಲು ತೊಳ್ಕೊ. ಊಟ ಮಾಡೋಣ" ಎಂದರು. ಅಷ್ಟೇ. ನನಗೆ ತಿಳಿವಳಿಕೆ ಬಂದ ಮೇಲೆ ಅಪ್ಪ ನನ್ನನ್ನು ಮುಟ್ಟಿದ್ದು ಅದೇ ಮೊದಲು. ನಂಜುಂಡ ಏನೋ ಬರೆದುಕೊಳ್ಳುವ ನೆಪದಲ್ಲಿ ಆ ಕಡೆ ತಿರುಗಿಕೊಂಡ. ಆಮೇಲೆ ತನ್ನ ವಂಶದ ಕುಡಿಯನ್ನು ಹೊಡೆದುಹಾಕಿ ಅಪ್ಪನ ಮಾತನ್ನೇ ನಾಟಕಕ್ಕೆ ಸೇರಿಸಿದ.

ಅವತ್ತಿನಿಂದ ಅಪ್ಪ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಮನೆಗೆ ಕರೆತರುತ್ತಿದ್ದರು. ದಾರಿಯಲ್ಲಿ, "ಕೈ ಇಡೋವಾಗ ಆತುರ ಬೇಡ. ಮುಖ ನೋಡು ಮೊದಲು" ಎನ್ನುತ್ತಿದ್ದರು. ಒಂದು ದಿನ, "ಆಫೀಸಲ್ಲಿ ಕೆಲಸ ಜಾಸ್ತಿ, ನಾಟಕದ ದಿನ ಬರೋಕಾಗಲ್ಲ ಅಂತ ಕಾಣುತ್ತೆ" ಎಂದರು. ನಾನು ಹಿಂದೆ ಕೂತು ಬೇಜಾರಾದವನ ಹಾಗೆ ನಿಟ್ಟುಸಿರು ಬಿಟ್ಟೆ. ಒಳಗೆ ಮಾತ್ರ ನಿರಾಳವಾಯಿತು. ನನ್ನ ನಿಜವಾದ ತಂದೆಯನ್ನು ಇನ್ನು ಧಾರಾಳವಾಗಿ ಹೊರಗೆ ಬಿಡಬಹುದಿತ್ತು.

ಬಿಟ್ಟೆ. ಪರದೆ ಎದ್ದು ನಾನು ಛತ್ರಿ ಹಿಡಿದು ಒಳಗೆ ಬಂದು ಕನ್ನಡಕ ಒರೆಸತೊಡಗಿದಾಗಲೇ ಸಭೆಯಲ್ಲಿ ಕಿಸಕ್ಕೆಂದರು. "ಹೂಂ" ಎಂದಾಗ ಬೆಂಚುಗಳು ಕುಣಿದವು. ಅಲ್ಲಿ ಕೂತಿದ್ದ ವಿದ್ಯಾರ್ಥಿಗಳ ಮನೆಯಲ್ಲೆಲ್ಲ ಅಂಥವರೊಬ್ಬರು ಇದ್ದರೆಂದು ತೋರುತ್ತದೆ. ಕೊನೆಯ ದೃಶ್ಯಕ್ಕೆ ಮುಂಚೆ ನಂಜುಂಡ ಪಕ್ಕದ ಪರದೆಯ ಹಿಂದೆ ನನ್ನ ತೋಳು ಹಿಡಿದು, "ಇದೊಂದನ್ನ ನಿಮ್ಮಪ್ಪ ಹೇಳ್ಕೊಟ್ಟ ಹಾಗೆ ಮಾಡು ಮಗಾ, ಜನ ಅಳ್ತಾರೆ" ಎಂದ. ಹಾಗೇ ಮಾಡಬೇಕೆಂದು ನಾನೂ ಹೊರಟೆ. ಶೇಷು ಬಂದು ಬಾಗಿಲಲ್ಲಿ ನಿಂತ. ಸಭೆ ಗಪ್ಪಾಯಿತು. ಜನ ಅಳಲು ತಯಾರಾಗಿಯೇ ಕೂತಿದ್ದರು. ಆದರೆ ಅಷ್ಟು ಹೊತ್ತು ನಗು ಕೇಳಿದ ಕಿವಿಗೆ ಆ ಮೌನ ತಡೆಯಲಾಗಲಿಲ್ಲ. ನಾಟಕ ಬಿದ್ದೇಹೋಯಿತೇನೋ ಅನ್ನಿಸಿತು. ಕನ್ನಡಕ ತೆಗೆದೆ. ಚುಂಗಿನಿಂದ ಒರೆಸಿದೆ. ಬೆಳಕಿಗೆ ಹಿಡಿದೆ, ಹಾಕಿಕೊಂಡೆ. ಗೋಡೆಯ ಕಡೆ ತಿರುಗಿ, "ಲೇ, ನಿನ್ನ ಮಗನಿಗೆ ಹೇಳು, ಕೈಕಾಲು ತೊಳ್ಕೊಳ್ಳೋದಕ್ಕೆ" ಎಂದೆ.

ತಾಯಿ ಮೊದಲನೇ ಅಂಕದಲ್ಲೇ ಸತ್ತಿದ್ದಳಲ್ಲ. ಸಭೆ ಬಿದ್ದು ಬಿದ್ದು ನಕ್ಕಿತು. ತೀರ್ಪುಗಾರರೊಬ್ಬರು ಕಣ್ಣೊರೆಸಿಕೊಂಡರು. ನಂಜುಂಡನ ದುರಂತ ನಾಟಕಕ್ಕೆ ಹಾಸ್ಯದ ಕಪ್ಪು ಬಂತು. ಅವನು ಬಹಳ ದಿನ ನನ್ನೊಡನೆ ಮಾತು ಬಿಟ್ಟಿದ್ದ.

ಕಪ್ಪು ಹಿಡಿದು ಹೊರಗೆ ಬಂದರೆ ಅಪ್ಪ ಸೈಕಲ್ ಹಿಡಿದುಕೊಂಡು ಬೇಲಿಯ ಹತ್ತಿರ ನಿಂತಿದ್ದರು. ಕೊನೆಯ ದೃಶ್ಯವಾದರೂ ಸಿಗಲೆಂದು ಸಾಹೇಬರ ಅಪ್ಪಣೆ ಕೇಳಿ ಬಂದು, ಹಿಂದಿನ ಕಂಬದ ಬಳಿ ನಿಂತು ನೋಡಿದ್ದರು. ಸೈಕಲ್ ಹತ್ತಲಿಲ್ಲ, ತಳ್ಳಿಕೊಂಡೇ ನಡೆದರು. "ಜನ ಚೆನ್ನಾಗಿ ನಕ್ಕರು" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ನಮ್ಮ ಬೀದಿ ತಿರುಗುವಾಗ ಮೆಲ್ಲಗೆ ಕೇಳಿದರು: "ನಾನು ಹೇಳ್ಕೊಟ್ಟಿದ್ದು ಚೆನ್ನಾಗಿರಲಿಲ್ವೇನೋ?"

"ಹಾಗೇನಿಲ್ಲ" ಎಂದು ಕಪ್ಪಿನ ಕಡೆ ನೋಡಿಕೊಂಡು ಹೇಳಿದೆ. ಮಾರನೆಯ ಬೆಳಿಗ್ಗೆ ಅಡುಗೆಮನೆಯಿಂದ ಅಪ್ಪನ ದನಿ ಕೇಳಿತು: "ನಿನ್ನ ಮಗನಿಗೆ ಹೇಳು, ಗೋಡೆ ಗಟ್ಟಿಯಾಗಿದೆ. ಇನ್ನು ನೀರು ಬೇಡ."

ಆ ಮನೆಗೆ ಸೂರು ಬಂತು, ಬಾಗಿಲು ಬಂತು, ಹೊಸಿಲೂ ಬಂತು. ನಾವು ಅದರಲ್ಲಿ ಎಷ್ಟೋ ವರ್ಷ ಒಟ್ಟಿಗೇ ಇದ್ದೆವು. ಅಪ್ಪ ನನ್ನ ಮೇಲೆ ಒಂದು ದಿನವೂ ರೇಗಲಿಲ್ಲ. ಆದರೆ ನನ್ನ ಎದುರಿಗೆ ಅವರು ಮತ್ತೆಂದೂ ಕನ್ನಡಕ ಒರೆಸಲಿಲ್ಲ. ಧೂಳು ಕೂತರೆ ಎದ್ದು ಹಿತ್ತಲಿಗೆ ಹೋಗಿ ಒರೆಸಿಕೊಂಡು ಬರುತ್ತಿದ್ದರು. ಒಂದು ಸಲ ಹಿಂದೆಯೇ ಹೋಗಿ, "ಇಲ್ಲೇ ಒರೆಸ್ಕೊಳಿ ಅಪ್ಪ" ಎನ್ನಬೇಕೆಂದು ಎದ್ದಿದ್ದೆ. ಹಿತ್ತಲ ಬಾಗಿಲವರೆಗೆ ಹೋಗಿ ವಾಪಸು ಬಂದೆ. ಅಪ್ಪ ಹೋದ ಮೇಲೆ ಅವರ ಛತ್ರಿ ನನ್ನ ಪಾಲಿಗೆ ಬಂತು, ಸ್ವಲ್ಪ ಕಾಲಕ್ಕೆ ನನ್ನ ಕಣ್ಣಿಗೂ ಕನ್ನಡಕ ಬಂತು.

ಹೋದ ತಿಂಗಳು ನನ್ನ ಮಗ ಯಾವುದೋ ಮಾತಿಗೆ ನನ್ನೊಡನೆ ಜಗಳವಾಡಿ ವಿಜಯನಗರದ ಸ್ನೇಹಿತನ ಮನೆಗೆ ಹೊರಟುಹೋದ. ಜಗಳದಲ್ಲಿ ನಾನು ಆಡಿದ್ದೆಲ್ಲ ನಂಜುಂಡನ ಮಾತುಗಳೇ ಎಂದು ಆಮೇಲೆ ಹೊಳೆಯಿತು. ಕೆಲವು ದಿನ ಬಿಟ್ಟು ಒಂದು ಸಂಜೆ ಗೇಟಿನ ಸದ್ದಾಯಿತು, ಅವನೇ ಬಂದಿದ್ದ. ಅದೇ ನಡುಮನೆ, ಅದೇ ಬಾಗಿಲು. ಇವತ್ತು ಬಿಡಬಾರದು ಎಂದು ನಾನು ಎದ್ದೆ. ಛತ್ರಿ ಇಲ್ಲ, ಕನ್ನಡಕಕ್ಕೆ ಕೈ ಹಾಕಲಿಲ್ಲ. ಹತ್ತಿರ ಹೋಗಿ, ಆತುರಪಡದೆ, ಮೊದಲು ಮುಖ ನೋಡಿ, ಅವನ ತಲೆಯ ಮೇಲೆ ಕೈಯಿಟ್ಟೆ. "ಬಂದ್ಯಾ? ಕೈಕಾಲು..." ಎನ್ನುವಷ್ಟರಲ್ಲಿ ಅವನು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು ಒಳಗೆ ಕೂಗಿದ: "ಅಮ್ಮಾ, ಅಪ್ಪನಿಗೆ ತಲೆ ಸುತ್ತು ಬಂದ ಹಾಗಿದೆ, ನೀರು ತಗೊಂಡು ಬಾ."

ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. ಹೆಂಡತಿ ನೀರು ತಂದಳು, ಕುಡಿದೆ. ತಾಯಿ ಮಗ ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಕನ್ನಡಕ ತೆಗೆದು, ಪಂಚೆಯ ಚುಂಗಿನಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಹಾಕಿಕೊಂಡು, ಗೋಡೆಯ ಕಡೆ ತಿರುಗಿ ಹೇಳಿದೆ: "ನಿನ್ನ ಮಗನಿಗೆ ಹೇಳು, ನನಗೇನೂ ಆಗಿಲ್ಲ."

ಯಾರೂ ನಗಲಿಲ್ಲ.