ಎಡತೋಳಿನ ಬಾಸುಂಡೆಗೆ ಇಲಾಖೆಯ ಮೆಚ್ಚುಗೆ

ಮಕ್ಕಳ ಕ್ಷೇಮ ಇಲಾಖೆಯ ತನಿಖಾಧಿಕಾರಿಗಳ ಸನ್ನಿಧಾನಕ್ಕೆ, ನಾಟಕದವರ ಮೈಮುಖಕ್ಕೆ ಬಣ್ಣ ಹಚ್ಚಿ ಬದುಕುವ ಒಬ್ಬ ತಾಯಿ ಮಾಡುವ ಸವಿನಯ ವಂದನೆಗಳು.

ಮಾನ್ಯರೇ,

ತಾವೂ ತಮ್ಮ ಸಿಬ್ಬಂದಿಯೂ ಕ್ಷೇಮವೆಂದು ನಂಬಿದ್ದೇನೆ. ನಮ್ಮ ಮನೆಯ ಕ್ಷೇಮವನ್ನು ತಾವೇ ಖುದ್ದಾಗಿ ಬಂದು, ಅಡುಗೆಮನೆಯ ಡಬ್ಬಗಳ ಮುಚ್ಚಳ ತೆಗೆದು ವಿಚಾರಿಸಿಕೊಂಡು ಹೋಗಿರುವುದರಿಂದ ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಮುಚ್ಚಿದ ಲಕೋಟೆಯಲ್ಲಿ ಕಳಿಸಿದ ನನ್ನ ಪತ್ರಗಳೆಲ್ಲ 'ಪರಿಶೀಲನೆಯಲ್ಲಿ' ಸುಖವಾಗಿರುವ ಕಾರಣ, ಇದನ್ನು ಬಹಿರಂಗವಾಗಿ ಬರೆಯುವ ಸಲಿಗೆ ತೆಗೆದುಕೊಂಡಿದ್ದೇನೆ.

ಮೊದಲು ಕೃತಜ್ಞತೆ. ರಂಗದ ಮೇಲೆ ಏಟು ತಿಂದವರಿಗೆಲ್ಲ ಗಾಯ ಬರೆಯುವುದು ನನ್ನ ಕಸುಬು. ವಿಮರ್ಶಕರು ನಟರನ್ನು ಹೊಗಳಿದ್ದಾರೆ, ಬೆಳಕನ್ನು ಹೊಗಳಿದ್ದಾರೆ, ಒಮ್ಮೆ ಪರದೆಯನ್ನೂ ಹೊಗಳಿದ್ದಾರೆ. ನನ್ನ ಗಾಯಗಳ ಬಗ್ಗೆ ಒಬ್ಬರೂ ಒಂದು ಸಾಲು ಬರೆದವರಲ್ಲ. ತಮ್ಮ ವರದಿಯಲ್ಲಿ ಮಾತ್ರ 'ನಡುವೆ ನೇರಳೆ, ಅಂಚಿನಲ್ಲಿ ಹಳದಿಗೆ ತಿರುಗಿದ ಹಸಿರು, ಸುಮಾರು ನಾಲ್ಕು ದಿನ ಹಳೆಯದು' ಎಂದಿರುವುದನ್ನು ಓದಿ ನನಗೆ ಕಣ್ಣು ತುಂಬಿ ಬಂತು. ಮೊದಲ ಅಂಕದಲ್ಲಿ ಒದೆ ತಿಂದ ಹಮಾಲಿ ಎರಡನೆಯ ಅಂಕಕ್ಕೆ ಬರುವಾಗ ಕಥೆಯಲ್ಲಿ ಸರಿಯಾಗಿ ನಾಲ್ಕು ದಿನ ಕಳೆದಿರುತ್ತದೆ. ತೋಳನ್ನು ನೋಡದೆ, ಫೋನಿನಲ್ಲಿ ಬಂದ ಫೋಟೋ ಮಾತ್ರ ನೋಡಿ ಇಷ್ಟು ಕರಾರುವಾಕ್ಕಾಗಿ ಹೇಳಿದ ತಮ್ಮ ವೈದ್ಯರಂಥ ರಸಿಕರು ಪ್ರೇಕ್ಷಕರಲ್ಲಿ ಇನ್ನೂ ಹತ್ತು ಮಂದಿ ಇದ್ದರೆ ನನ್ನ ಕಸುಬು ಉದ್ಧಾರವಾಗುತ್ತಿತ್ತು.

ತಮಗೆ ಗೊತ್ತಿರುವ ಸಂಗತಿಯನ್ನು ಇತರ ಓದುಗರಿಗಾಗಿ ಹೇಳಿಬಿಡುತ್ತೇನೆ. ಆ ಹಮಾಲಿಯ ಬಾಸುಂಡೆಯನ್ನು ನಾನು ಪ್ರಯೋಗ ಮಾಡಿ ನೋಡಿದ್ದು ನನ್ನ ಮಗಳ ತೋಳಿನ ಮೇಲೆ. ಎರಡನೇ ತರಗತಿಯ ಹುಡುಗಿ, ಬಾಯಿ ಬಿಟ್ಟರೆ ಪಟಪಟ ಎನ್ನುವುದರಿಂದ ಮನೆಯಲ್ಲಿ ಚಿನಕುರಳಿ ಎನ್ನುತ್ತೇವೆ. ಅಡುಗೆಮನೆಯ ಮೇಜಿನ ಮೇಲೆ ಕುಳಿತು ತಾನಾಗಿಯೇ ತೋಳು ಚಾಚಿದವಳು, ಮುಗಿದ ಮೇಲೆ ಗೆಳತಿಯರಿಗೆ ತೋರಿಸಬೇಕು, ಒರೆಸಬೇಡ ಎಂದು ಹಟ ಹಿಡಿದಳು. ಆ ಬಣ್ಣ ನೀರಿಗೆ ಜಗ್ಗುವುದಿಲ್ಲ, ಎಣ್ಣೆಗೆ ಮಾತ್ರ ಬಿಡುತ್ತದೆ. ಮರುದಿನ ಅವಳ ಟೀಚರ್ ಅದನ್ನು ಕಂಡು ಗಾಬರಿಯಾಗಿ ತಮಗೆ ಫೋನ್ ಮಾಡಿದರು. ಅವರ ಮೇಲೆ ನನಗೆ ಎಳ್ಳಷ್ಟೂ ದೂರಿಲ್ಲ; ಅಂಥ ತೋಳು ಕಂಡೂ ಸುಮ್ಮನಿರುವ ಟೀಚರ್ ಇರುವ ತರಗತಿಗೆ ಮಗಳನ್ನು ನಾನೇ ಕಳಿಸುವುದಿಲ್ಲ.

ನನ್ನ ಮೆಚ್ಚುಗೆ ಶುರುವಾಗುವುದು ತಾವು ಶಾಲೆಗೆ ಬಂದ ಮೇಲೆ. ಆಟದ ಸಾಮಾನಿನ ಕೋಣೆಗೆ ಅವಳನ್ನು ಒಬ್ಬಳನ್ನೇ ಕರೆದೊಯ್ದು, ಬಾಗಿಲು ಮುಚ್ಚಿ, ತೋಳು ಮೇಲೆತ್ತಿ ಫೋಟೋ ತೆಗೆದಿರಿ. ತಾಯಿಯನ್ನು ಕೇಳಲು ಸಂಪರ್ಕ ಸಂಖ್ಯೆ ಲಭ್ಯವಿರಲಿಲ್ಲ ಎಂದು ವರದಿಯಲ್ಲಿದೆ. ಮಗಳ ಕೊರಳಿನ ಗುರುತಿನ ಚೀಟಿ, ಅದರಲ್ಲಿ ನನ್ನ ಹೆಸರಿನ ಮುಂದೆ ನನ್ನ ಫೋನ್ ನಂಬರ್, ಅದೇ ಫೋಟೋದಲ್ಲಿ ಬಹಳ ಸ್ಪಷ್ಟವಾಗಿ ಬಂದಿವೆ. ತಮ್ಮ ಕ್ಯಾಮೆರಾಗೆ ನನ್ನ ಅಭಿನಂದನೆ ತಿಳಿಸಿ. ಇದನ್ನು ಯಾರು ಮಾಡಿದ್ದು ಎಂದು ಕೇಳಿದ್ದಕ್ಕೆ ಮಗು, "ಅಮ್ಮ ಮಾಡಿದ್ದು! ಇದೇನ್ ಮಹಾ, ರಕ್ತ ಸೋರೋ ಹಾಗೂ ಮಾಡ್ತಾಳೆ" ಎಂದು ಹೆಮ್ಮೆಯಿಂದ ಹೇಳಿತಂತೆ. ಬಣ್ಣ ಎಂದೂ ಹೇಳಿತಂತೆ. ಮೊದಲನೆಯದನ್ನು ತಾವು 'ಹೇಳಿಕೆ' ಎಂದೂ ಎರಡನೆಯದನ್ನು 'ತಾಯಿ ಕಲಿಸಿಕೊಟ್ಟ ಮಾತು' ಎಂದೂ ಬೇರ್ಪಡಿಸಿದ ಬಗೆ, ಅಕ್ಕಿಯಿಂದ ಕಲ್ಲು ಆರಿಸುವವರಿಗೂ ಬಾರದ ಜಾಣ್ಮೆ.

ಸಂಜೆ ಮನೆಗೆ ಬಂದಾಗ "ಒಳಗೆ ಬರಬಹುದಾ ಅಮ್ಮ?" ಎಂದು ತಾವು ಕೇಳಿದ್ದು ಸುಳ್ಳಲ್ಲ, ಕೇಳುವಾಗ ತಾವು ನಮ್ಮ ಮಲಗುವ ಕೋಣೆಯಲ್ಲಿದ್ದಿರಿ ಎಂಬುದನ್ನಷ್ಟೇ ಸೇರಿಸುತ್ತೇನೆ. ಇಗೋ ಈಗಲೇ ಒರೆಸಿ ತೋರಿಸುತ್ತೇನೆಂದು ಎಣ್ಣೆ ಹತ್ತಿ ತಂದರೆ, "ಸಾಕ್ಷ್ಯ ಮುಟ್ಟಬೇಡಿ" ಎಂದು ತಡೆದಿರಿ. ಹೆತ್ತ ಮಗಳನ್ನು ಚಿನ್ನ ಎಂದಿದ್ದೇನೆ, ಪಿಶಾಚಿ ಎಂದೂ ಎಂದಿದ್ದೇನೆ; ಸಾಕ್ಷ್ಯ ಎಂದು ಕರೆಯಬೇಕೆಂದು ಹೊಳೆದಿರಲಿಲ್ಲ.

ಆ ಸಾಕ್ಷ್ಯವನ್ನು ತಾವು ನನ್ನ ಅತ್ತೆಯ ಮನೆಗೆ ಕಳಿಸಿದಿರಿ. ನನ್ನ ಗಂಡ ತೀರಿಕೊಂಡ ಮೇಲೂ ನನ್ನನ್ನು ಬಯ್ಯುವುದನ್ನು ಬಿಡದ, ಹಾಗೆಯೇ ಬಿಟ್ಟುಕೊಡದ ಹೆಂಗಸು ಅವರು. "ನನ್ನ ಸೊಸೆಗೆ ಅಡುಗೆ ಬರಲ್ಲ, ಹೊತ್ತು ಗೊತ್ತು ಇಲ್ಲ, ಒಪ್ಕೋತೀನಿ. ಆದ್ರೆ ಮಗೂ ಮೇಲೆ ಕೈ ಮಾಡೋಳಲ್ಲ ಕಣಮ್ಮ" ಎಂದು ಅವರು ಕೊಟ್ಟ ಹೇಳಿಕೆಯಲ್ಲಿ, ತಮ್ಮ ಪೆನ್ನು 'ಒಪ್ಕೋತೀನಿ' ಎಂಬಲ್ಲಿಗೆ ನಿಂತಿದೆ. ಶಾಯಿ ಮುಗಿದಿರಬೇಕು. ಅದೇ ಅತ್ತೆ ಆ ರಾತ್ರಿ ಮೊಮ್ಮಗಳಿಗೆ ಎಣ್ಣೆ ತಿಕ್ಕಿ ಸ್ನಾನ ಮಾಡಿಸಿದಾಗ ಬಾಸುಂಡೆ ಬಚ್ಚಲಿಗೆ ಹರಿದುಹೋಯಿತು. ಸದ್ಯ, ಕಥೆ ಮುಗಿಯಿತು ಎಂದುಕೊಂಡೆ. ತಾವು ಬರೆದದ್ದು: 'ತಾಯಿಯಿಂದ ದೂರವಿರಿಸಿದ ಒಂದೇ ರಾತ್ರಿಯಲ್ಲಿ ಗಾಯ ಸಂಪೂರ್ಣ ವಾಸಿ.'

ಮಾನ್ಯರೇ, ಇಂಥ ಚಿಕಿತ್ಸೆಯನ್ನು ಒಂದೇ ಮಗುವಿಗೆ ಮೀಸಲಿಡುವುದು ಅನ್ಯಾಯ. ದಯವಿಟ್ಟು ಸರ್ಕಾರಿ ಆಸ್ಪತ್ರೆಯ ಮೂಳೆ ವಿಭಾಗವನ್ನೂ ತಾವೇ ವಹಿಸಿಕೊಂಡು, ರೋಗಿಗಳನ್ನೆಲ್ಲ ಅವರವರ ತಾಯಂದಿರಿಂದ ಒಂದು ರಾತ್ರಿ ದೂರವಿಡಿ. ನನ್ನ ಅತ್ತೆಯ ಮಂಡಿನೋವಿಗೂ ಇದು ಹೊಂದುತ್ತದೆಯೇ ಎಂದು ತಿಳಿಸಿ. ಅವರ ತಾಯಿ ಈಗಿಲ್ಲ, ನೋವು ಮಾತ್ರ ಇದೆ.

ಇನ್ನು ತಾವು ತಂದುಕೊಟ್ಟ ಒಪ್ಪಿಗೆ ಪತ್ರ. ಮಗುವಿಗೆ ನಾನೇ ಗಾಯ ಮಾಡಿದೆನೆಂದೂ ಮುಂದೆ ಮಾಡುವುದಿಲ್ಲವೆಂದೂ ನಾನು 'ಸ್ವಇಚ್ಛೆಯಿಂದ' ಬರೆದುಕೊಡಬೇಕು. ನನ್ನ ಇಚ್ಛೆಯನ್ನು ತಾವೇ ಟೈಪ್ ಮಾಡಿಸಿ ತಂದದ್ದರಿಂದ ನನಗೆ ಶ್ರಮ ಉಳಿಯಿತು. ವಕೀಲರಿಗೆ ತೋರಿಸಲೇ ಎಂದರೆ, "ತೋರಿಸಿ, ಯಾರ್ ಬೇಡ ಅಂದ್ರು? ಬಲವಂತ ಏನಿಲ್ಲಮ್ಮ. ಸಹಿ ಬಿದ್ದ ದಿನ ಮಗು ಮನೆಗೆ ಬರತ್ತೆ, ಇಲ್ದಿದ್ರೆ ಬರಲ್ಲ, ಅಷ್ಟೇ" ಎಂದಿರಿ. ಕತ್ತಿನ ಮೇಲೆ ಕಾಲಿಟ್ಟು ನಡು ನೋಯುತ್ತಿದೆಯೇ ಎಂದು ಕೇಳುವ ಈ ಸೌಜನ್ಯಕ್ಕೆ ಏನೆನ್ನಲಿ?

ಹೋದ ಭಾನುವಾರ ಅತ್ತೆಯ ಮನೆಯ ಹಜಾರದಲ್ಲಿ, ತಮ್ಮ ಸಹಾಯಕಿ ನಮ್ಮಿಬ್ಬರ ನಡುವೆ ಕುರ್ಚಿ ಹಾಕಿಕೊಂಡು ಕುಳಿತಿರುವಾಗ, ಮಗಳು ಕುರ್ಚಿಯ ಪಕ್ಕದಿಂದ ತಲೆ ಹಾಕಿ ಕೇಳಿದಳು: "ಅಮ್ಮಾ, ನಾನು ನಿಜ ಹೇಳಿದ್ದಕ್ಕೆ ಹೀಗಾಯ್ತಾ? ಈಗ ಸುಳ್ಳು ಹೇಳಿದ್ರೆ ಮನೆಗೆ ಬರಬಹುದಾ?"

ಸುಳ್ಳು ಹೇಳಿದರೆ ಬರಬಹುದು ಎಂಬುದೇ ತಮ್ಮ ಪತ್ರದ ಸಾರಾಂಶವಾದ್ದರಿಂದ ನಾನು ಉತ್ತರಿಸಲಿಲ್ಲ. ಉತ್ತರಿಸುವ ಕೆಲಸ ತಮ್ಮದು. ಬಂದು ಹೇಳಿ, ಈ ಸಲ ಅವಳ ತಾಯಿಯ ಮುಂದೆ, ಬಾಗಿಲು ತೆರೆದಿಟ್ಟು. ಅಲ್ಲಿಯವರೆಗೆ ನಾನು ಸಹಿ ಹಾಕುವುದಿಲ್ಲ. ಮಗಳನ್ನು ಮನೆಗೆ ಕಳಿಸಿಕೊಡಿ ಎಂಬ ಒಂದು ಕೋರಿಕೆಯನ್ನು ಮಾತ್ರ ವ್ಯಂಗ್ಯವಿಲ್ಲದೆ ಓದಿಕೊಳ್ಳಬೇಕೆಂದು ಪ್ರಾರ್ಥನೆ.

ತಮ್ಮ ಕಡತದಲ್ಲಿ 'ಸಹಕರಿಸದ ತಾಯಿ' ಎಂದು ನಮೂದಾಗಿರುವ,
ಆದರೂ ತಮ್ಮ ವಿಶ್ವಾಸಿ

ಮರೆತ ಮಾತು: ನಿನ್ನೆ ತಮ್ಮದೇ ಇಲಾಖೆಯ ಪ್ರಚಾರ ವಿಭಾಗದವರು ಫೋನ್ ಮಾಡಿದ್ದರು. ಮಕ್ಕಳ ಮೇಲಿನ ಹಿಂಸೆಯ ಬಗ್ಗೆ ಭಿತ್ತಿಪತ್ರ ಮಾಡುತ್ತಿದ್ದಾರಂತೆ. ನಾನು ಯಾರೆಂದು ಗೊತ್ತಿಲ್ಲದೆ, ಒಬ್ಬ ಹುಡುಗನ ಬೆನ್ನಿಗೆ ನಂಬುವಂಥ ಗಾಯ ಬರೆದುಕೊಡಿ ಎಂದರು. ಅವನ ತಂದೆತಾಯಿಯ ಒಪ್ಪಿಗೆ ಇದೆಯೇ ಎಂದು ಕೇಳಿದ್ದಕ್ಕೆ, "ಅದೆಲ್ಲ ಯಾಕೆ ಮೇಡಂ, ಬಣ್ಣ ತಾನೇ, ಎಣ್ಣೆ ಹಾಕಿ ಉಜ್ಜಿದ್ರೆ ಹೋಗತ್ತಲ್ಲ" ಎಂದು ನಕ್ಕರು. ಈ ಅಭಿಪ್ರಾಯವನ್ನು ಇಲಾಖೆಯ ಮೊಹರು ಹಾಕಿ, ಸ್ವಇಚ್ಛೆಯಿಂದ, ಬರೆದುಕೊಡಿ ಎಂದು ಕೇಳಿದ್ದೇನೆ.